ಪಾಲಿಕೆ ಹೇಳಿದರೆ ಸೆಸ್ಕ್ ಕೇಳುತ್ತಾ?

ಓದುಗರ ಪ್ರಶ್ನೆ: ಕೆಲವು ದೇಶಗಳಲ್ಲಿ ಊರಿನ ಆಡಳಿತವೇ ಕರೆಂಟ್ ಕಂಪನಿ ಮೇಲೆ ಒತ್ತಡ ಹಾಕಿ ಸೌರ ವಿದ್ಯುತ್ ಹೆಚ್ಚಿಸುತ್ತದೆ, ಪೋಲು ತಪ್ಪಿಸುತ್ತದೆ ಅಂತ ಓದಿದೆ. ಮೈಸೂರು ಪಾಲಿಕೆಗೂ ಇದು ಸಾಧ್ಯವೇ? ಸೆಸ್ಕ್ ಸರ್ಕಾರದ ಕಂಪನಿ ಅಲ್ವಾ?

ಆದೇಶ ಮಾಡುವ ಅಧಿಕಾರ ಪಾಲಿಕೆಗೆ ಇಲ್ಲ. ಸೆಸ್ಕ್, ಅಂದರೆ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ, ರಾಜ್ಯ ಸರ್ಕಾರದ ಕಂಪನಿ. ಮೈಸೂರು, ಮಂಡ್ಯ, ಚಾಮರಾಜನಗರ, ಹಾಸನ, ಕೊಡಗು ಜಿಲ್ಲೆಗಳಿಗೆ ಕರೆಂಟ್ ಹಂಚುತ್ತದೆ. ಅದು ಮಾಡುವ ಖರ್ಚಿಗೆ, ನಮ್ಮಿಂದ ವಸೂಲಿ ಮಾಡುವ ದರಕ್ಕೆ ಒಪ್ಪಿಗೆ ಕೊಡುವುದು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ, ಅಂದರೆ ಕೆಇಆರ್‌ಸಿ. ಹಾಗಂತ ಪಾಲಿಕೆ ಕೈಕಟ್ಟಿ ಕೂರಬೇಕಿಲ್ಲ. ಅದು ಸೆಸ್ಕ್‌ನ ದೊಡ್ಡ ಗ್ರಾಹಕ. ಜೊತೆಗೆ, ಆಯೋಗದ ಮುಂದೆ ಮಾತಾಡುವ ಹಕ್ಕು ಎಲ್ಲರ ಹಾಗೆ ಅದಕ್ಕೂ ಇದೆ.

ಮೊದಲು ಪಾಲಿಕೆಯ ಬಿಲ್ ನೋಡೋಣ. ಕರೆಂಟ್ ಅಂದ ತಕ್ಷಣ ಬೀದಿದೀಪ ನೆನಪಾಗುತ್ತದೆ. ಆದರೆ ನೀರು ಎತ್ತುವ ಮೋಟರ್‌ಗಳ ಕಡೆ ಯಾರ ಗಮನವೂ ಹೋಗುವುದಿಲ್ಲ. ಕಾವೇರಿ ನೀರು ಹೊಂಗಳ್ಳಿ, ಬೆಳಗೊಳ, ಮೇಳಾಪುರದಿಂದ ಬರುತ್ತದೆ, ಕಬಿನಿ ನೀರು ಬಿದರಗೂಡಿನಿಂದ. ನದಿ ತಗ್ಗಿನಲ್ಲಿದೆ, ಊರು ಎತ್ತರದಲ್ಲಿದೆ. ಪಂಪ್ ಮಾಡದೆ ಬೇರೆ ದಾರಿಯಿಲ್ಲ.

ಒಂದು ಸಣ್ಣ ಲೆಕ್ಕ. ಸಾವಿರ ಲೀಟರ್ ನೀರನ್ನು 100 ಮೀಟರ್ ಮೇಲಕ್ಕೆ ಏರಿಸಲು ಕನಿಷ್ಠ 0.27 ಯೂನಿಟ್ ಬೇಕು. ಯಾವ ಯಂತ್ರವೂ ಪೂರ್ತಿ ದಕ್ಷವಲ್ಲ. ಪಂಪ್ ಮತ್ತು ಮೋಟರ್ ಸೇರಿ ದಕ್ಷತೆ ನೂರಕ್ಕೆ 70 ಇದ್ದರೆ ಸುಮಾರು 0.39 ಯೂನಿಟ್ ಬೇಕಾಗುತ್ತದೆ. ಪಂಪ್ ಸವೆದು, ವಾಲ್ವ್ ಅರ್ಧ ಮುಚ್ಚಿಕೊಂಡೇ ಓಡಿ, ದಕ್ಷತೆ 50ಕ್ಕೆ ಇಳಿದರೆ 0.54. ಅದೇ ನೀರು, ಅದೇ ಎತ್ತರ. ದಿನಕ್ಕೆ ಒಂದು ಕೋಟಿ ಲೀಟರ್ ಎತ್ತುವ ಕಡೆ ಈ ವ್ಯತ್ಯಾಸವೇ 1,500 ಯೂನಿಟ್! ಅಷ್ಟನ್ನು ಸೌರ ಫಲಕದಿಂದ ತುಂಬಿಸಬೇಕಾದರೆ ಸುಮಾರು 375 ಕಿಲೋವ್ಯಾಟ್ ಫಲಕ ಹಾಕಬೇಕು, ಕಿಲೋವ್ಯಾಟ್‌ಗೆ ದಿನಕ್ಕೆ 4 ಯೂನಿಟ್ ಹಿಡಿದರೂ. ಹೊಸ ಫಲಕದ ಉದ್ಘಾಟನೆಗೆ ಮೊದಲು ಹಳೇ ಪಂಪ್‌ನ ತಪಾಸಣೆ ಆಗಬೇಕು ಅಂತ ನಾನು ಒತ್ತಿ ಹೇಳುವುದು ಇದಕ್ಕೇ. ದಾರಿಯಲ್ಲಿ ಸೋರಿಹೋಗುವ ಪ್ರತಿ ಬಿಂದಿಗೆ ನೀರಿಗೂ ಇದೇ ಕರೆಂಟ್ ಖರ್ಚಾಗಿರುತ್ತದೆ, ಅದನ್ನೂ ಸೇರಿಸಿಕೊಳ್ಳಿ.

ಪಂಪ್ ಯಾವ ಹೊತ್ತಿನಲ್ಲಿ ಓಡುತ್ತದೆ ಅನ್ನುವುದೂ ಮುಖ್ಯ. ರಾಜ್ಯದ ವಿದ್ಯುತ್ ಸಾಮರ್ಥ್ಯದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಈಗಾಗಲೇ ಸೌರ, ಗಾಳಿ, ಜಲ ಮೂಲಗಳದ್ದು. ಪಾವಗಡದ ಸೌರ ಪಾರ್ಕ್ ಒಂದೇ 2,050 ಮೆಗಾವ್ಯಾಟ್. ಆದರೆ ಅದು ಉಕ್ಕುವುದು ಮಧ್ಯಾಹ್ನ. ಸಂಜೆ ಮನೆಮನೆಯಲ್ಲಿ ದೀಪ, ಟಿವಿ, ಮಿಕ್ಸಿ ಶುರುವಾದಾಗ ಸೂರ್ಯ ಇರುವುದಿಲ್ಲ, ಕಲ್ಲಿದ್ದಲು ಮತ್ತು ಜಲಾಶಯದ ಮೇಲೆ ಹೊರೆ ಬೀಳುತ್ತದೆ. ಯಾದವಗಿರಿ, ವಿಜಯನಗರದಂಥ ಎತ್ತರದ ಟ್ಯಾಂಕ್‌ಗಳನ್ನು ಬಿಸಿಲಿನ ಹೊತ್ತಿನಲ್ಲಿ ತುಂಬಿಸಿಟ್ಟುಕೊಂಡರೆ, ಅದು ಬ್ಯಾಟರಿಯಲ್ಲಿ ಕರೆಂಟ್ ಕೂಡಿಟ್ಟ ಹಾಗೆ. ಹೀಗೆ ಮಾಡುವ ಗ್ರಾಹಕರಿಗೆ ಮಧ್ಯಾಹ್ನದ ದರ ಕಡಿಮೆ ಮಾಡಿ ಅಂತ ಪಾಲಿಕೆ ಕೇಳಬೇಕು. ಮಂಡ್ಯದ ನಗರಸಭೆಯೂ ಕೇಳಬೇಕು. ಕಬ್ಬಿನ ಗದ್ದೆಗಳ ಪಂಪ್‌ಸೆಟ್‌ಗೆ ಹಗಲಲ್ಲೇ ಕರೆಂಟ್ ಸಿಕ್ಕರೆ ರೈತರಿಗೆ ರಾತ್ರಿ ಹಾವು ಚೇಳಿನ ಭಯದಲ್ಲಿ ಗದ್ದೆಗೆ ಹೋಗುವುದೂ ತಪ್ಪುತ್ತದೆ.

ತಾರಸಿ ಸೌರದ ವಿಷಯಕ್ಕೆ ಬಂದರೆ, ಕೇಂದ್ರದ ಸೂರ್ಯಘರ್ ಯೋಜನೆ 2024ರಿಂದ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಹಾಯಧನ ಕೊಡುತ್ತಿದೆ. ಆದರೆ ಗೃಹಜ್ಯೋತಿಯಲ್ಲಿ ಬಿಲ್ಲೇ ಸೊನ್ನೆ ಬರುವ ಮನೆಯವರು ಸುಮ್ನೆ ಯಾಕೆ ಫಲಕ ಹಾಕುತ್ತಾರೆ? ಹಾಗಾಗಿ ಪಾಲಿಕೆ ಕಚೇರಿ, ಸರ್ಕಾರಿ ಶಾಲೆ, ಮಾರುಕಟ್ಟೆಗಳ ತಾರಸಿಯಿಂದ ಶುರು ಮಾಡುವುದೇ ಸರಿ.

ಇನ್ನು ಆಯೋಗ. ನನ್ನ ಪ್ರಕಾರ ಊರಿನ ದನಿಗೆ ಕಾನೂನಿನ ಬಲ ಸಿಗುವುದು ಇಲ್ಲೇ. ದರ ಬದಲಿಸಲು ಸೆಸ್ಕ್ ಅರ್ಜಿ ಹಾಕಿದಾಗ ಅದರ ಸಾರಾಂಶ ಪತ್ರಿಕೆಗಳಲ್ಲಿ ಬರಬೇಕು. ಸಾರ್ವಜನಿಕರ ಸಲಹೆ, ಆಕ್ಷೇಪಣೆಗಳನ್ನು ಪರಿಗಣಿಸಿದ ಮೇಲೆಯೇ ಆಯೋಗ ಆದೇಶ ಹೊರಡಿಸಬೇಕು ಅಂತ 2003ರ ವಿದ್ಯುಚ್ಛಕ್ತಿ ಕಾಯ್ದೆಯ 64ನೇ ಸೆಕ್ಷನ್ ಹೇಳುತ್ತದೆ. ಬಂದ ಆಕ್ಷೇಪಣೆ, ಅದಕ್ಕೆ ಕಂಪನಿಯ ಉತ್ತರ, ಆಯೋಗದ ಅಭಿಪ್ರಾಯ ಆದೇಶದಲ್ಲಿ ಅಚ್ಚಾಗುತ್ತವೆ. ಮುಂದಿನ ಸಲ ಅದನ್ನೇ ಮುಂದಿಟ್ಟು ಕೇಳಬಹುದು.

ಅಲ್ಲಿ "ಪರಿಸರ ಉಳಿಸಿ" ಅಂದರೆ ಸಾಲದು. ಯಾವ ಫೀಡರ್‌ನಲ್ಲಿ, ಅಂದರೆ ಸಬ್‌ಸ್ಟೇಷನ್‌ನಿಂದ ಬಡಾವಣೆಗೆ ಬರುವ ಲೈನ್‌ನಲ್ಲಿ, ಎಷ್ಟು ಕರೆಂಟ್ ಸೋರಿಕೆ? ಪಾಲಿಕೆ ತಾರಸಿಗಳ ಸೌರ ಅರ್ಜಿಗೆ ಮೀಟರ್ ಹಾಕಲು ಎಷ್ಟು ದಿನ ಬೇಕು? ವಿದ್ಯುತ್ ಉಳಿತಾಯದ ಯೋಜನೆಗೆ ಒಪ್ಪಿಗೆ ಸಿಕ್ಕ ಹಣದಲ್ಲಿ ಖರ್ಚಾಗಿದ್ದೆಷ್ಟು? ಇಂಥ ಪ್ರಶ್ನೆಗೆ ಕಂಪನಿ ಅಂಕಿ ಇಟ್ಟೇ ಉತ್ತರಿಸಬೇಕಾಗುತ್ತದೆ. ಪಾಲಿಕೆಯಲ್ಲಿ ಚುನಾಯಿತ ಸದಸ್ಯರು ಇಲ್ಲದ ಹೊತ್ತಿನಲ್ಲೂ ಆಯುಕ್ತರ ಸಹಿಯಲ್ಲಿ ಆಕ್ಷೇಪಣೆ ಹೋಗಬಹುದು. ಪಾಲಿಕೆ ಸುಮ್ಮನಿದ್ದರೆ ನಿಮ್ಮ ಬಡಾವಣೆಯ ನಿವಾಸಿಗಳ ಸಂಘವೇ ಬರೆಯಲಿ. ಪ್ರಕಟಣೆಯಲ್ಲಿ ಕೊಟ್ಟ ಕೊನೆಯ ದಿನಾಂಕ ನೋಡಿಕೊಳ್ಳಿ. ಖುದ್ದಾಗಿ ಮಾತಾಡಬೇಕು ಅನ್ನುವುದನ್ನೂ ಅರ್ಜಿಯಲ್ಲೇ ಬರೆಯಿರಿ.