ನರ ಪರೀಕ್ಷೆಯಲ್ಲಿ ‘ನಾರ್ಮಲ್’ ಅಂದರೆ ಯಾರ ನಾರ್ಮಲ್?

ಪ್ರಶ್ನೆ: ಕೈ ಜೋಮು ಹಿಡಿಯುತ್ತದೆ ಅಂತ ನರ್ವ್ ಕಂಡಕ್ಷನ್ ಟೆಸ್ಟ್ (ನರದಲ್ಲಿ ಸಿಗ್ನಲ್ ಎಷ್ಟು ವೇಗವಾಗಿ, ಎಷ್ಟು ಬಲವಾಗಿ ಹೋಗುತ್ತದೆ ಅಂತ ಅಳೆಯುವುದು) ಮಾಡಿಸಿದೆ. ಒಂದು ಲ್ಯಾಬ್ ನಾರ್ಮಲ್ ಅಂದಿತು, ಇನ್ನೊಂದು ವೇಗ ಸ್ವಲ್ಪ ಕಮ್ಮಿ ಅಂದಿತು. ಎರಡರಲ್ಲೂ ಅಂಕಿ ಹೆಚ್ಚುಕಮ್ಮಿ ಒಂದೇ. ನಾರ್ಮಲ್ ಅನ್ನೋದು ಎಲ್ಲರಿಗೂ ಒಂದೇ ಅಲ್ವಾ?

ಉತ್ತರ: ಒಂದೇ ಅಲ್ಲ. ಕೈಯ ನರಗಳಲ್ಲಿ ಸೆಕೆಂಡಿಗೆ ಸುಮಾರು 50 ಮೀಟರ್, ಕಾಲಿನಲ್ಲಿ ಸುಮಾರು 40 ಮೀಟರ್ ವೇಗ ಇದ್ದರೆ ಸಾಕು ಅನ್ನುವುದು ಸಾಮಾನ್ಯ ಲೆಕ್ಕ. ಆದರೆ ಈ ಗಡಿ ಎಲ್ಲೋ ಕೆಲವು ಆರೋಗ್ಯವಂತರನ್ನು ಅಳೆದು ಹಾಕಿದ್ದು. ಅವರ ವಯಸ್ಸು, ಎತ್ತರ, ಅಳೆದ ರೀತಿ ಎಲ್ಲವೂ ಆ ಅಂಕಿಯೊಳಗೆ ಸೇರಿಕೊಂಡಿದೆ.

ಎತ್ತರದವರ ಕಾಲಿನ ನರಗಳಲ್ಲಿ ವೇಗ ಸಹಜವಾಗಿಯೇ ಕಮ್ಮಿ. ವಯಸ್ಸಾದಂತೆ ಸಿಗ್ನಲ್ ಸಣ್ಣದಾಗುತ್ತದೆ. ಪಾದದ ಪಕ್ಕದ ಸೂರಲ್ ನರದ ಸಿಗ್ನಲ್ ಕೆಲವು ಆರೋಗ್ಯವಂತ ವೃದ್ಧರಲ್ಲಿ ಸಿಗುವುದೇ ಇಲ್ಲ. ದಪ್ಪ ಬೆರಳಲ್ಲೂ ಸಿಗ್ನಲ್ ಚಿಕ್ಕದಾಗಿ ಕಾಣುತ್ತದೆ, ನರಕ್ಕೂ ಚರ್ಮದ ಮೇಲಿಡುವ ಎಲೆಕ್ಟ್ರೋಡಿಗೂ (ಸಿಗ್ನಲ್ ಹಿಡಿಯುವ ಲೋಹದ ತುಣುಕು) ನಡುವೆ ಅಂತರ ಜಾಸ್ತಿ ನೋಡಿ. ಸರಾಸರಿ ಎತ್ತರ, ಮೈಕಟ್ಟು ಪ್ರದೇಶದಿಂದ ಪ್ರದೇಶಕ್ಕೆ ಬದಲಾಗುತ್ತದೆ. ಅದಕ್ಕೇ ಆಯಾ ಪ್ರದೇಶದ ಜನರನ್ನೇ ಅಳೆದು ಗಡಿ ಹಾಕಬೇಕು ಅನ್ನುವುದು.

ಆದರೆ ನನ್ನನ್ನು ಕೇಳಿದರೆ, ಪ್ರದೇಶಕ್ಕಿಂತ ಮೊದಲು ನೋಡಬೇಕಾದ್ದು ಚರ್ಮದ ಉಷ್ಣತೆ. ಕೈ ಒಂದು ಡಿಗ್ರಿ ತಣ್ಣಗಾದರೆ ವೇಗ ಸುಮಾರು 1.5ರಿಂದ 2.5 ಮೀಟರ್ ಇಳಿಯುತ್ತದೆ. ಕೈಯ ಚರ್ಮ 32 ಡಿಗ್ರಿ ಸೆಲ್ಸಿಯಸ್ ಆದರೂ ಇರಬೇಕು. 28 ಡಿಗ್ರಿಯ ತಣ್ಣನೆ ಕೈಯನ್ನು ಹಾಗೇ ಅಳೆದರೆ, 56 ಇರಬೇಕಾದ ವೇಗ 48ರ ಆಸುಪಾಸಿಗೆ ಬಂದೀತು. ನರಕ್ಕೆ ಏನೂ ಆಗಿರುವುದಿಲ್ಲ, ರಿಪೋರ್ಟ್ ಮಾತ್ರ ಹೆದರಿಸುತ್ತದೆ. ಕೈ ಬೆಚ್ಚಗೆ ಮಾಡಿ ಮತ್ತೆ ಅಳೆದರೆ ಸಂಶಯ ಹೋಗುತ್ತದೆ.

ಇನ್ನು ‘ಆರೋಗ್ಯವಂತರು’ ಯಾರು? ಸುಮ್ನೆ ಸಿಕ್ಕಿದವರನ್ನು ಕೂರಿಸಿ ಅಳೆಯುವಂತಿಲ್ಲ. ಸಕ್ಕರೆ ಕಾಯಿಲೆ, ಥೈರಾಯ್ಡ್ ತೊಂದರೆ, ಬಿ12 ಕೊರತೆ, ಅತಿ ಕುಡಿತ ಇದ್ದವರನ್ನು ಬಿಡಬೇಕು. ಲ್ಯಾಬಿನ ಯುವ ಸಿಬ್ಬಂದಿಯನ್ನಷ್ಟೇ ಅಳೆದು ಹಾಕಿದ ಗಡಿಯಿಂದ 70 ವರ್ಷದವರನ್ನು ನೋಡುವುದು ಅನ್ಯಾಯ. ಪ್ರತಿ ಗುಂಪಿನಲ್ಲೂ ಕನಿಷ್ಠ 120 ಜನ ಇರಲಿ ಅನ್ನುವುದು ಲ್ಯಾಬ್ ಪರೀಕ್ಷೆಗಳ ಗಡಿ ಹಾಕುವಾಗ ಎಲ್ಲರೂ ಒಪ್ಪುವ ಅಳತೆ. ಲೆಕ್ಕದಲ್ಲೂ ಎಚ್ಚರ ಬೇಕು. ಸರಾಸರಿಯಿಂದ ಎರಡು ಸ್ಟ್ಯಾಂಡರ್ಡ್ ಡಿವಿಯೇಷನ್ (ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಅನ್ನುವ ಅಳತೆ) ಕಳೆಯುವ ಪದ್ಧತಿ ಸಿಗ್ನಲ್ಲಿನ ಗಾತ್ರಕ್ಕೆ ಸರಿಹೋಗುವುದಿಲ್ಲ, ಯಾಕೆಂದರೆ ಆ ಅಂಕಿಗಳು ಒಂದೇ ಕಡೆ ವಾಲಿರುತ್ತವೆ. ಅಲ್ಲಿ ಪರ್ಸೆಂಟೈಲ್ (ನೂರರಲ್ಲಿ ಎಷ್ಟು ಜನರ ಅಂಕಿ ಇದಕ್ಕಿಂತ ಕೆಳಗಿದೆ ಅನ್ನುವ ಲೆಕ್ಕ) ಬಳಸುವುದೇ ಒಳ್ಳೆಯದು.

ಗಡಿ ಎಷ್ಟೇ ಚೆನ್ನಾಗಿ ಹಾಕಿದರೂ ನೂರರಲ್ಲಿ ಎರಡು ಮೂರು ಆರೋಗ್ಯವಂತರು ಅದರ ಕೆಳಗೆ ಬೀಳುತ್ತಾರೆ. ಒಬ್ಬರದೇ ಇಪ್ಪತ್ತು ಅಂಕಿ ಅಳೆದರೆ ಒಂದಾದರೂ ಗೆರೆ ದಾಟುವ ಸಾಧ್ಯತೆ ಸಾಕಷ್ಟಿದೆ. ಹಾಗಾಗಿ ನಿಮ್ಮ ಎರಡೂ ರಿಪೋರ್ಟನ್ನು ಒಟ್ಟಿಗೆ ಡಾಕ್ಟರಿಗೆ ತೋರಿಸಿ. ಅಳೆಯುವಾಗ ಕೈಯ ಉಷ್ಣತೆ ಎಷ್ಟಿತ್ತು, ಗಡಿ ಯಾವ ವಯಸ್ಸಿನವರದು ಅಂತ ಕೇಳಿ. ಜೋಮು ಯಾವ ಬೆರಳಲ್ಲಿ, ರಾತ್ರಿ ಜಾಸ್ತಿಯಾ ಅನ್ನುವುದನ್ನೂ ಮರೆಯದೆ ಹೇಳಿ.