ಸುಳ್ಳು ವಿಡಿಯೊ ಜಿಲ್ಲೆ ದಾಟಿದ ಮೇಲೆ

2025ರ ಜೂನ್‌ನಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳು ಸುದ್ದಿಯಾದಾಗ, ಅದಕ್ಕೆ ಕೋವಿಡ್ ಲಸಿಕೆಯೇ ಕಾರಣವೆಂಬ ಮಾತು ಮೊಬೈಲಿನಿಂದ ಮೊಬೈಲಿಗೆ ಹರಡಿತು. ಗಾಬರಿಗೊಂಡ ಜನ ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಸಾಲುಗಟ್ಟಿ ನಿಂತರು. ಸಾವುಗಳಲ್ಲಿ ಅಸಹಜ ಏರಿಕೆ ಆಗಿಲ್ಲ, ಲಸಿಕೆಗೂ ಇದಕ್ಕೂ ಸಂಬಂಧ ಕಂಡುಬಂದಿಲ್ಲ ಎಂದು ಸರ್ಕಾರದ ತಜ್ಞರ ಸಮಿತಿ ಜುಲೈನಲ್ಲಿ ವರದಿ ಕೊಟ್ಟಿತು. ಅಂತಹ ಮಾತನ್ನೇ ಪರಿಚಿತ ವೈದ್ಯರೊಬ್ಬರ ಮುಖ, ಧ್ವನಿಗಳಲ್ಲಿ ಹೇಳಿಸಬಲ್ಲ ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳು ಈಗ ಯಾರ ಕೈಗಾದರೂ ಸಿಗುತ್ತಿವೆ. ಮುಂದಿನ ಸಲ ಹೀಗಾದರೆ ಜನರನ್ನು ಸಮಾಧಾನಪಡಿಸುವ ಕೆಲಸ ಇನ್ನಷ್ಟು ಕಠಿಣವಾಗಲಿದೆ.

ಹಾಸನದಲ್ಲಿ ವಕೀಲಿ ನಡೆಸುತ್ತಾ ಆನ್‌ಲೈನ್ ಕಿರುಕುಳದ ದೂರುಗಳನ್ನು ಹತ್ತಿರದಿಂದ ನೋಡುತ್ತಿರುವ ನನ್ನ ಅಭಿಪ್ರಾಯದಲ್ಲಿ, ಇಂತಹ ಪ್ರಕರಣಗಳು ಸೊರಗುವುದು ಹೆಚ್ಚಾಗಿ ಒಂದು ವ್ಯಾಪ್ತಿಯಿಂದ ಇನ್ನೊಂದಕ್ಕೆ ದಾಟುವ ಹಂತದಲ್ಲಿ. ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆಯ ಹುಡುಗಿಯೊಬ್ಬಳು ಹಾಸನದ ಕಾಲೇಜಿನಲ್ಲಿ ಓದುತ್ತಿದ್ದಾಳೆ ಎಂದಿಟ್ಟುಕೊಳ್ಳೋಣ. ಅವಳ ಇನ್‌ಸ್ಟಾಗ್ರಾಂ ಚಿತ್ರ ಬಳಸಿ ನಗ್ನಚಿತ್ರ ತಯಾರಿಸಿದವನು ಮಂಗಳೂರಿನಲ್ಲಿರುತ್ತಾನೆ, ಅವನ ಸಿಮ್ ಕೇರಳದ ವಿಳಾಸದ್ದಾಗಿರುತ್ತದೆ, ಖಾತೆಯ ವಿವರಗಳು ವಿದೇಶಿ ಕಂಪನಿಯ ಬಳಿ ಇರುತ್ತವೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ, ಕೃತ್ಯ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಆದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 78ನೇ ಕಲಂ ಪ್ರಕಾರ ತನಿಖೆ ನಡೆಸುವವರು ಇನ್‌ಸ್ಪೆಕ್ಟರ್ ದರ್ಜೆಗಿಂತ ಕೆಳಗಿನವರಾಗಿರುವಂತಿಲ್ಲ. ಆದ್ದರಿಂದ ಊರಿನ ಠಾಣೆಯವರು ಜಿಲ್ಲಾ ಕೇಂದ್ರದ ಸೆನ್ (ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳ) ಠಾಣೆಗೆ ಹೋಗಿ ಎನ್ನುತ್ತಾರೆ, ಅಲ್ಲಿಂದ ಬೇರೆ ಜಿಲ್ಲೆಗೆ, ಬೇರೆ ರಾಜ್ಯಕ್ಕೆ ಪತ್ರ ಹೋಗುತ್ತದೆ. ಇಷ್ಟರಲ್ಲಿ ಆ ಚಿತ್ರ ತರಗತಿಯ ವಾಟ್ಸ್‌ಆ್ಯಪ್ ಗುಂಪಿಗೆ ಬಂದು, ಹುಡುಗಿ ಕಾಲೇಜಿಗೆ ಹೋಗುವುದನ್ನೇ ಬಿಟ್ಟಿರುತ್ತಾಳೆ.

ಕಾಲ ಇಲ್ಲಿ ಎರಡು ರೀತಿಯಲ್ಲಿ ಸಂತ್ರಸ್ತೆಗೆ ವಿರುದ್ಧವಾಗಿ ಓಡುತ್ತದೆ. ನಗ್ನತೆ ಇರುವ ಅಥವಾ ಕೃತಕವಾಗಿ ತಿರುಚಿದ ಚಿತ್ರವನ್ನು ದೂರು ಬಂದ 24 ಗಂಟೆಯೊಳಗೆ ತೆಗೆಯಬೇಕೆಂದು 2021ರ ಮಾಹಿತಿ ತಂತ್ರಜ್ಞಾನ ನಿಯಮಗಳು ಹೇಳಿದ್ದವು, ನಂತರದ ತಿದ್ದುಪಡಿ ಈ ಅವಧಿಯನ್ನು ಇನ್ನಷ್ಟು ಮೊಟಕುಗೊಳಿಸಿದೆ. ಇದು ಒಳ್ಳೆಯದೇ. ಆದರೆ ಹಾಗೆ ತೆಗೆದ ಮಾಹಿತಿಯನ್ನು ಕಂಪನಿ 180 ದಿನ ಉಳಿಸಿಟ್ಟುಕೊಂಡರೆ ಸಾಕು, ಅದಕ್ಕೂ ಹೆಚ್ಚು ಕಾಲ ಉಳಿಯಬೇಕಾದರೆ ನ್ಯಾಯಾಲಯವೋ ಅಧಿಕಾರಿಯೋ ಕೇಳಿರಬೇಕು. ಪತ್ರಗಳು ಠಾಣೆಯಿಂದ ಠಾಣೆಗೆ ಅಲೆಯುತ್ತಿರುವಾಗಲೇ ಈ ಅವಧಿ ಮುಗಿದರೆ ಆರೋಪಿಯನ್ನು ಖಾತೆಗೆ ಜೋಡಿಸುವ ಪುರಾವೆಯೇ ಇಲ್ಲವಾಗಬಹುದು. ಅವಮಾನದಿಂದ ಕಂಗೆಟ್ಟ ತಂದೆತಾಯಿ ಮಗಳ ಫೋನಿನಲ್ಲಿರುವುದನ್ನೆಲ್ಲ ಅಳಿಸಿಬಿಡುವುದೂ ಉಂಟು. ಅವರ ಸಂಕಟ ನನಗೆ ಅರ್ಥವಾಗುತ್ತದೆ. ಆದರೂ ಲಿಂಕ್, ಖಾತೆಯ ಹೆಸರು, ಸಮಯ ಕಾಣುವ ಸ್ಕ್ರೀನ್‌ಶಾಟ್ ಇವುಗಳನ್ನು ಮತ್ತು ಮೂಲ ಫೋನನ್ನು ಉಳಿಸಿಕೊಳ್ಳಲೇಬೇಕು, ಏಕೆಂದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ, ದಾಖಲೆ ಯಾವ ಸಾಧನದಿಂದ ಬಂತೆಂದು ದೃಢೀಕರಿಸುವ ಪ್ರಮಾಣಪತ್ರವಿಲ್ಲದೆ ಪ್ರಿಂಟ್ ತೆಗೆದ ಹಾಳೆಯನ್ನು ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿಸುವುದು ಕಷ್ಟ.

ನಮ್ಮ ಜಿಲ್ಲೆಗೆ ಇದು ದೂರದ ಸಂಗತಿಯಲ್ಲ. 2024ರ ಏಪ್ರಿಲ್‌ನಲ್ಲಿ ಪೆನ್‌ಡ್ರೈವ್‌ಗಳ ಮೂಲಕ ಹಾಸನದಲ್ಲಿ ಹರಡಿದ, ಲೈಂಗಿಕ ದೌರ್ಜನ್ಯದ್ದೆನ್ನಲಾದ ವಿಡಿಯೊಗಳಲ್ಲಿ ಮಹಿಳೆಯರ ಮುಖಗಳನ್ನು ಮರೆಮಾಡಿರಲಿಲ್ಲ. ಅವನ್ನು ಹಂಚುವುದೇ ಅಪರಾಧವೆಂದು ವಿಶೇಷ ತನಿಖಾ ತಂಡ ಎಚ್ಚರಿಸಬೇಕಾಯಿತು. ಅದೇ ಸಂದರ್ಭದಲ್ಲಿ ಆ ವಿಡಿಯೊಗಳು ತಿರುಚಿದವು ಎಂಬ ದೂರೂ ಬಂದಿತ್ತು. ನಿಜವಾದ ದೌರ್ಜನ್ಯದ ದೃಶ್ಯವನ್ನೂ ಡೀಪ್‌ಫೇಕ್ (ಕೃತಕ ಬುದ್ಧಿಮತ್ತೆಯಿಂದ ಸೃಷ್ಟಿಸಿದ ನಕಲಿ) ಎಂದು ತಳ್ಳಿಹಾಕಲು ಅವಕಾಶವಿರುವ ಕಾಲವಿದು. ಹಾಗಾಗಿ ನಂಬಲರ್ಹವಾದ ಪರೀಕ್ಷೆ ಬೇಗ ಸಿಗುವುದು, ನೊಂದವರಿಗೂ ಸುಳ್ಳು ಆರೋಪಕ್ಕೆ ಗುರಿಯಾದವರಿಗೂ ಸಮಾನವಾಗಿ ಅಗತ್ಯ.

ಈ ಪರೀಕ್ಷೆಯಲ್ಲಿ ಕನ್ನಡ ಹಿಂದುಳಿದಿದೆ. ಡೀಪ್‌ಫೇಕ್ ಪರಿಶೀಲನೆಗೆ ಸತ್ಯಶೋಧಕ ಸಂಸ್ಥೆಗಳ ಒಕ್ಕೂಟವಾದ ಮಿಸ್‌ಇನ್ಫರ್ಮೇಶನ್ ಕಾಂಬ್ಯಾಟ್ ಅಲಯನ್ಸ್ 2024ರ ಮಾರ್ಚ್‌ನಲ್ಲಿ ವಾಟ್ಸ್‌ಆ್ಯಪ್ ಸಹಾಯವಾಣಿ ಆರಂಭಿಸಿದಾಗ ಇಂಗ್ಲಿಷ್, ಹಿಂದಿ, ತಮಿಳು, ತೆಲುಗು ಭಾಷೆಗಳಿಗೆ ಅವಕಾಶವಿತ್ತು, ಕನ್ನಡಕ್ಕೆ ಇರಲಿಲ್ಲ. ಕನ್ನಡ, ತುಳು, ಮಲಯಾಳಂ ಮಾತನಾಡುವವರು ಒಂದೇ ತೋಟದಲ್ಲಿ ದುಡಿಯುವ ಮಲೆನಾಡಿನಲ್ಲಿ ಒಂದು ಭಾಷೆಯ ವದಂತಿ ಇನ್ನೊಂದಕ್ಕೆ ಸುಲಭವಾಗಿ ದಾಟುತ್ತದೆ, ಒಂದು ಭಾಷೆಯಲ್ಲಿ ಆದ ಪರಿಶೀಲನೆ ಹಾಗೆ ದಾಟುವುದಿಲ್ಲ. ದಕ್ಷಿಣದ ರಾಜ್ಯಗಳ ಸತ್ಯಶೋಧಕರು ತಮ್ಮ ಫಲಿತಾಂಶಗಳನ್ನು ಹಂಚಿಕೊಂಡು ಅನುವಾದಿಸಿಕೊಳ್ಳುವುದಕ್ಕೆ ಹೊಸ ಕಾಯ್ದೆಯೇನೂ ಬೇಕಿಲ್ಲ.

ಗಡಿಯಾಚೆಗಿನ ಸಹಕಾರಕ್ಕೆ ಮಾದರಿಗಳಿವೆ. ಸುಳ್ಳು ಸುದ್ದಿಯನ್ನು ಎದುರಿಸುವಾಗ ಸರ್ಕಾರಿ ಮಾಹಿತಿಯನ್ನು ಹೇಗೆ ನಿರ್ವಹಿಸಬೇಕೆಂಬ ಬಗ್ಗೆ ಆಗ್ನೇಯ ಏಷ್ಯಾದ ಆಸಿಯಾನ್ ಒಕ್ಕೂಟದ ದೇಶಗಳು 2023ರಲ್ಲಿ ಮಾರ್ಗಸೂಚಿಯೊಂದನ್ನು ಒಪ್ಪಿದವು. ಅದು ಯಾರನ್ನೂ ಕಟ್ಟಿಹಾಕದಿದ್ದರೂ ಮಾತುಕತೆಗೆ ವೇದಿಕೆಯಾಗಿದೆ. 2014ರ ನಂತರ ದಕ್ಷಿಣ ಏಷ್ಯಾ ದೇಶಗಳ ಒಕ್ಕೂಟವಾದ ಸಾರ್ಕ್‌ನ ಶೃಂಗಸಭೆಯೇ ನಡೆಯದ ನಮ್ಮ ನೆರೆಹೊರೆಯಲ್ಲಿ ಅಷ್ಟೂ ಇಲ್ಲ. ನನಗೆ ಹೆಚ್ಚು ಉಪಯುಕ್ತವಾಗಿ ಕಾಣುವುದು ಸೈಬರ್ ಅಪರಾಧ ಕುರಿತ 2001ರ ಅಂತರರಾಷ್ಟ್ರೀಯ ಬುಡಾಪೆಸ್ಟ್ ಒಪ್ಪಂದದ ಒಂದು ಏರ್ಪಾಡು. ಅದರ ಪ್ರಕಾರ ಪ್ರತಿ ಸದಸ್ಯ ದೇಶವೂ ದಿನದ 24 ಗಂಟೆ ದೊರೆಯುವ ಸಂಪರ್ಕ ಕೇಂದ್ರವನ್ನು ಹೊಂದಿರಬೇಕು, ಪುರಾವೆ ಅಳಿಯದಂತೆ ಕಾಯ್ದಿಡಬೇಕೆಂಬ ಕೋರಿಕೆಯನ್ನು ತಡಮಾಡದೆ ಮುಂದೆ ಸಾಗಿಸಬೇಕು. ಭಾರತ ಆ ಒಪ್ಪಂದಕ್ಕೆ ಸೇರಿಲ್ಲ. ಆದರೆ ಹಾಸನ, ಚಿಕ್ಕಮಗಳೂರು, ಕೊಡಗು, ದಕ್ಷಿಣ ಕನ್ನಡ ಜಿಲ್ಲೆಗಳು ಕೇರಳದ ಪೊಲೀಸರೊಡನೆ ಇಂತಹ ಏರ್ಪಾಡು ಮಾಡಿಕೊಳ್ಳಲು ಅದೇನೂ ಅಡ್ಡಿಯಲ್ಲ.

ಮಳೆಗಾಲದಲ್ಲಿ ಶಿರಾಡಿಯಲ್ಲೋ ಚಾರ್ಮಾಡಿಯಲ್ಲೋ ಗುಡ್ಡ ಕುಸಿದರೆ ಘಾಟಿಯ ಮೇಲಿನ ಮತ್ತು ಕೆಳಗಿನ ಜಿಲ್ಲಾಡಳಿತಗಳು ಪರಸ್ಪರ ಮಾತನಾಡಿಯೇ ವಾಹನಗಳನ್ನು ತಡೆಯಬೇಕಾಗುತ್ತದೆ. ಕುಸಿತದ ನಕಲಿ ವಿಡಿಯೊ ಬಂದಾಗಲೂ ಈ ಸಂಪರ್ಕವನ್ನೇ ಬಳಸಿ, ಎರಡೂ ಕಡೆಯಿಂದ ಒಂದೇ ಸ್ಪಷ್ಟನೆ ಹೊರಡಿಸಬಹುದು. ಕಿರುಕುಳದ ದೂರುಗಳಿಗಾಗಿ ಪ್ರತಿ ಜಿಲ್ಲೆಯ ಸೆನ್ ಠಾಣೆಯಲ್ಲಿ ಒಬ್ಬ ಅಧಿಕಾರಿಯನ್ನು ಗೊತ್ತುಪಡಿಸಿ, ನೆರೆ ಜಿಲ್ಲೆಯಿಂದ ಕೋರಿಕೆ ಬಂದ ದಿನವೇ ಕಂಪನಿಗೆ ಪುರಾವೆ ಕಾಯ್ದಿಡುವ ಸೂಚನೆ ಕಳುಹಿಸುವ ಹೊಣೆಯನ್ನು ಅವರಿಗೆ ವಹಿಸಬೇಕೆಂಬುದು ನನ್ನ ಒತ್ತಾಯ. ವ್ಯಾಪ್ತಿ ಯಾರದೆಂಬ ಪತ್ರವ್ಯವಹಾರ ಅದಾದ ಮೇಲೆ ನಡೆಯಲಿ.