ಹುಟ್ಟಿನಿಂದಲೇ ಸಣ್ಣದಾದ ಧಮನಿ: ಪಾರ್ಶ್ವವಾಯುವಿಗೆ ಅದೇ ಕಾರಣವೇ?

ಪ್ರಶ್ನೆ: ನನ್ನ ತಮ್ಮನಿಗೆ 34 ವರ್ಷ. ಬಿ.ಪಿ., ಸಕ್ಕರೆ ಕಾಯಿಲೆ ಇಲ್ಲ, ಸಿಗರೇಟು ಸೇದುವುದಿಲ್ಲ. ಕಳೆದ ತಿಂಗಳು ಪಾರ್ಶ್ವವಾಯುವಾಯಿತು. ಸ್ಕ್ಯಾನ್ ವರದಿಯಲ್ಲಿ ‘ಬಲ ವರ್ಟಿಬ್ರಲ್ ಧಮನಿ ಹುಟ್ಟಿನಿಂದಲೇ ಸಣ್ಣದು’ ಎಂದಿದೆ. ಇದೇ ಕಾರಣವೇ? ಹಾಗಿದ್ದರೆ ಇಷ್ಟು ವರ್ಷ ಏಕೆ ಏನೂ ಆಗಲಿಲ್ಲ?

ಉತ್ತರ: ನಿಮ್ಮ ಎರಡನೆಯ ಪ್ರಶ್ನೆಯಲ್ಲೇ ಮೊದಲನೆಯದರ ಅರ್ಧ ಉತ್ತರವಿದೆ. ಮೂವತ್ತನಾಲ್ಕು ವರ್ಷ ಸುಮ್ಮನಿದ್ದ ನಾಳವು ಒಂದು ದಿನ ತಾನೊಂದೇ ಪಾರ್ಶ್ವವಾಯು ತರುವುದು ಅಪರೂಪ. ಸಾಮಾನ್ಯವಾಗಿ ಬೇರೆ ಯಾವುದೋ ತೊಂದರೆ ಹೊಸದಾಗಿ ಸೇರಿಕೊಂಡಿರುತ್ತದೆ.

ಮೆದುಳಿಗೆ ರಕ್ತ ಒಯ್ಯುವ ಧಮನಿಗಳು ನಾಲ್ಕು. ಕೆರೋಟಿಡ್ ಎಂಬ ಎರಡು ಕತ್ತಿನ ಮುಂಭಾಗದಲ್ಲಿ, ವರ್ಟಿಬ್ರಲ್ ಎಂಬ ಎರಡು ಕತ್ತಿನ ಮೂಳೆಗಳ ರಂಧ್ರಗಳ ಮೂಲಕ ಮೇಲೇರುತ್ತವೆ. ವರ್ಟಿಬ್ರಲ್ ಜೋಡಿ ಸಮನಾಗಿರುವುದೇ ಕಡಿಮೆ, ಸುಮಾರು ಅರ್ಧದಷ್ಟು ಜನರಲ್ಲಿ ಎಡಗಡೆಯದೇ ದೊಡ್ಡದು. ಈ ನಾಲ್ಕನ್ನೂ ಮೆದುಳಿನ ತಳದಲ್ಲಿ ಬೆಸೆಯುವ ಉಂಗುರವನ್ನು ಥಾಮಸ್ ವಿಲ್ಲಿಸ್ 1664ರಲ್ಲಿ ವಿವರಿಸಿದ್ದರಿಂದ ಅದಕ್ಕೆ ಅವರ ಹೆಸರೇ ಬಂದಿದೆ. ಆದರೆ ಪುಸ್ತಕದ ಚಿತ್ರದಂತೆ ಪೂರ್ತಿಯಾದ ಉಂಗುರ ಅರ್ಧದಷ್ಟು ಜನರಲ್ಲೂ ಕಾಣಸಿಗದು. ಆದ್ದರಿಂದ ಸಣ್ಣ ಧಮನಿಯನ್ನು ರೋಗವೆನ್ನಲು ನನಗೆ ಮನಸ್ಸಾಗುವುದಿಲ್ಲ. ಅದರಿಂದಾಗುವ ನಷ್ಟ ಬೇರೆಯದು: ಇನ್ನೊಂದು ಬದಿಯ ನಾಳ ಮುಚ್ಚಿಕೊಂಡಾಗ ನೆರವಿಗೆ ಹರಿದುಬರಬೇಕಾದ ರಕ್ತ ಸಾಲದಾಗುತ್ತದೆ.

ಹೀಗಾಗಿ ಮೊದಲು ನೋಡಬೇಕಾದದ್ದು ಹಾನಿ ಎಲ್ಲಿ ಆಗಿದೆ ಎಂಬುದನ್ನು. ವರ್ಟಿಬ್ರಲ್ ಧಮನಿಗಳು ಪೋಷಿಸುವುದು ಮುಖ್ಯವಾಗಿ ಮೆದುಳಿನ ಕಾಂಡ, ಕಿರುಮೆದುಳು ಮತ್ತು ಮೆದುಳಿನ ಹಿಂಭಾಗವನ್ನು. ಎಂ.ಆರ್.ಐ.ಯಲ್ಲಿ ಹಾನಿ ಮುಂಭಾಗದಲ್ಲಿ ಕಂಡಿದ್ದರೆ ಈ ನಾಳದ ಮೇಲೆ ತಪ್ಪು ಹೊರಿಸುವುದು ಕಷ್ಟ.

ಎರಡನೆಯದು, ಧಮನಿ ನಿಜವಾಗಿಯೂ ಹುಟ್ಟಿನಿಂದಲೇ ಸಣ್ಣದೇ ಎಂಬುದು. ಎಳೆಯ ವಯಸ್ಸಿನ ಪಾರ್ಶ್ವವಾಯುವಿಗೆ ಮುಖ್ಯ ಕಾರಣಗಳಲ್ಲೊಂದು ಕತ್ತಿನ ಧಮನಿಯ ಒಳಪದರ ಹರಿಯುವುದು. ಆಗ ಗೋಡೆಯೊಳಗೆ ರಕ್ತ ಇಳಿದು ನಾಳ ಕಿರಿದಾಗುತ್ತದೆ, ಆಂಜಿಯೋಗ್ರಾಮ್‌ನಲ್ಲಿ ಅದೂ ತೆಳು ಗೆರೆಯಂತೆಯೇ ಕಾಣಬಹುದು. ಇಲ್ಲಿ ಮೂಳೆ ಒಳ್ಳೆಯ ಸಾಕ್ಷಿ. ಧಮನಿ ಮೊದಲಿನಿಂದಲೂ ಸಣ್ಣದಿದ್ದರೆ, ಅದು ಹಾದುಹೋಗುವ ಕತ್ತಿನ ಮೂಳೆಯ ರಂಧ್ರವೂ ಸಾಮಾನ್ಯವಾಗಿ ಆ ಬದಿಯಲ್ಲಿ ಚಿಕ್ಕದಾಗಿರುತ್ತದೆ; ರಂಧ್ರ ದೊಡ್ಡದಿದ್ದು ನಾಳ ಮಾತ್ರ ಸಣ್ಣದಿದ್ದರೆ ಅದು ಆಮೇಲೆ ಕಿರಿದಾಯಿತೆಂದು ಶಂಕಿಸಬೇಕು. ನಾಳದ ಗೋಡೆಯನ್ನು ತೋರಿಸುವ ಎಂ.ಆರ್.ಐ.ಯಲ್ಲಿ ಹೆಪ್ಪುಗಟ್ಟಿದ ರಕ್ತ ಬಿದಿಗೆ ಚಂದ್ರನಂತೆ ಬೆಳ್ಳಗೆ ಕಾಣುವುದುಂಟು. ಪಾರ್ಶ್ವವಾಯುವಿನ ಹಿಂದಿನ ಕೆಲವು ದಿನ ತಮ್ಮನಿಗೆ ಒಂದೇ ಕಡೆ ಕತ್ತುನೋವೋ ಹಿಂದಲೆ ನೋವೋ ಇತ್ತೇ ಎಂದು ನೆನಪು ಮಾಡಿ ವೈದ್ಯರಿಗೆ ತಿಳಿಸಿರಿ.

ಹೃದಯದ ಮೇಲ್ಕೋಣೆಗಳ ನಡುವೆ ಮುಚ್ಚದೆ ಉಳಿದ ಕಿಂಡಿ ನಾಲ್ವರಲ್ಲಿ ಒಬ್ಬರಿಗಿರುತ್ತದೆ, ಅದರ ಮೂಲಕವೂ ಹೆಪ್ಪು ಮೆದುಳಿಗೆ ಹೋಗಬಹುದು; ಅದನ್ನೂ, ರಕ್ತ ಬೇಗ ಹೆಪ್ಪುಗಟ್ಟುವ ದೋಷವನ್ನೂ ಪರೀಕ್ಷಿಸಬೇಕು. ಮನೆಯಲ್ಲಿ ಹಲವರಿಗೆ ಪದೇ ಪದೇ ಮೂಗಿನಿಂದ ರಕ್ತ ಸುರಿಯುವುದಿದ್ದರೆ ಹೇಳಲು ಮರೆಯದಿರಿ, ಏಕೆಂದರೆ ಅಂಥ ವಂಶಪಾರಂಪರ್ಯ ಕಾಯಿಲೆಯಲ್ಲಿ ಶ್ವಾಸಕೋಶದ ನಾಳಗಳ ಅಡ್ಡದಾರಿಯಿಂದ ಹೆಪ್ಪು ಮೆದುಳು ಸೇರಬಲ್ಲದು.

ಹುಟ್ಟಿನಿಂದ ಸಣ್ಣದಾದ ಧಮನಿಯನ್ನು ಸ್ಟೆಂಟ್ ಹಾಕಿ ಹಿಗ್ಗಿಸುವುದಿಲ್ಲ. ಆಸ್ಪಿರಿನ್‌ನಂತಹ ಮಾತ್ರೆಯೋ ಬೇರೆಯದೋ, ಎಷ್ಟು ಕಾಲವೋ ಎಂಬುದು ಸಿಕ್ಕ ಕಾರಣವನ್ನು ಅವಲಂಬಿಸಿದೆ. ಅದನ್ನು ನೀವಾಗಿ ನಿಲ್ಲಿಸಬೇಡಿ. ಹಠಾತ್ತನೆ ತಲೆಸುತ್ತು, ಎರಡೆರಡಾಗಿ ಕಾಣುವುದು, ನಡಿಗೆ ತೂರಾಡುವುದು ಕಂಡರೆ ಕಿವಿಯ ತೊಂದರೆಯೆಂದು ಕಾಯದೆ ಆಸ್ಪತ್ರೆಗೆ ಧಾವಿಸಿರಿ. ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಸಾಮಾನ್ಯವಾಗಿ ಇರುವ ಅವಧಿ ನಾಲ್ಕೂವರೆ ಗಂಟೆ ಮಾತ್ರ.